ಕೆನಡಾದ ಗ್ರೇಟ್ ಬೇರ್ ಮಳೆಕಾಡಿನ ತೀರವನ್ನು ನೋಡಲು ಸಣ್ಣ ಹಡಗಿಗೆ ಅಷ್ಟೊಂದು ಹಣ ಕೊಡುವುದು ಸಾರ್ಥಕವೇ?

ನಿವೃತ್ತರಾದ ತಂದೆ-ತಾಯಿಯರನ್ನು ಕರೆದುಕೊಂಡು ವ್ಯಾಂಕೂವರ್‌ನಲ್ಲಿರುವ ತಂಗಿಯ ಮನೆಗೆ ಹೋಗುತ್ತಿರುವುದಾಗಿಯೂ, ಅಲಾಸ್ಕಾಕ್ಕೆ ಹೋಗುವ ದೊಡ್ಡ ಕ್ರೂಸ್ ಹಡಗಿಗೂ ಬ್ರಿಟಿಷ್ ಕೊಲಂಬಿಯಾದ ತೀರದಲ್ಲೇ ತಿರುಗುವ ಸಣ್ಣ ಹಡಗಿಗೂ ದರದಲ್ಲಿ ಅಜಗಜಾಂತರ ಇರುವುದರಿಂದ ಯಾವುದನ್ನು ಆರಿಸಬೇಕೆಂದು ತಿಳಿಯುತ್ತಿಲ್ಲವೆಂದೂ ಬರೆದಿದ್ದೀರಿ. ಬಿಳಿ ಕರಡಿ ಖಂಡಿತವಾಗಿ ಕಾಣಿಸುತ್ತದೆಯೇ, ಸಸ್ಯಾಹಾರಿಗಳಿಗೆ ಊಟದ ತೊಂದರೆ ಆಗುವುದೇ ಎಂದೂ ಕೇಳಿದ್ದೀರಿ. ನಾನು ಬಸವನಗುಡಿಯವನು, ಅತ್ತೆ-ಮಾವನವರೊಂದಿಗೆ ಸೆಪ್ಟೆಂಬರ್ ತಿಂಗಳಿನಲ್ಲಿ ಆ ತೀರಕ್ಕೆ ಹೋಗಿ ಬಂದಿರುವುದರಿಂದ ನನಗೆ ಖಚಿತವಾಗಿ ಗೊತ್ತಿರುವುದನ್ನು ಇಲ್ಲಿ ಬರೆಯುತ್ತೇನೆ. ವನ್ಯಜೀವಿಗಳನ್ನು ನೋಡುವುದೇ ನಿಮ್ಮ ಉದ್ದೇಶವಾಗಿದ್ದರೆ ಸಣ್ಣ ಹಡಗೇ ಸರಿ. ಆದರೆ ಹಡಗನ್ನು ಆರಿಸುವುದಕ್ಕಿಂತ ಮೊದಲು ತಿಂಗಳನ್ನು ಆರಿಸಿಕೊಳ್ಳಿ, ಏಕೆಂದರೆ ಆ ಕಾಡಿನಲ್ಲಿ ಯಾವಾಗ ಏನು ಕಾಣಿಸುತ್ತದೆ ಎಂಬುದನ್ನು ನಿರ್ಧರಿಸುವುದು ಬಹುಮಟ್ಟಿಗೆ ಸಾಲ್ಮನ್ ಮೀನು.

ವ್ಯಾಂಕೂವರ್ ದ್ವೀಪದ ಉತ್ತರಕ್ಕೆ ಆರಂಭವಾಗಿ ಅಲಾಸ್ಕಾದ ಗಡಿಯವರೆಗೆ ಹಬ್ಬಿರುವ ಗ್ರೇಟ್ ಬೇರ್ ಮಳೆಕಾಡಿನ ವಿಸ್ತಾರ ಸುಮಾರು 64,000 ಚದರ ಕಿಲೋಮೀಟರ್, ಅಂದರೆ ಹೆಚ್ಚುಕಡಿಮೆ ನಮ್ಮ ಕರ್ನಾಟಕದ ಮೂರನೇ ಒಂದು ಪಾಲು. ಇಷ್ಟು ಉದ್ದದ ತೀರಕ್ಕೆ ಬೆಲ್ಲಾ ಕೂಲಾ, ಕಿಟಿಮಾಟ್, ಪ್ರಿನ್ಸ್ ರೂಪರ್ಟ್‌ನಂತಹ ಬೆರಳೆಣಿಕೆಯ ಕಡೆಗಳಲ್ಲಿ ಮಾತ್ರ ರಸ್ತೆ ಬಂದು ಮುಟ್ಟುತ್ತದೆ. ಉಳಿದೆಡೆಗೆಲ್ಲ ದೋಣಿ ಅಥವಾ ನೀರಿನ ಮೇಲಿಳಿಯುವ ಪುಟ್ಟ ವಿಮಾನವೇ ಗತಿ. ಆಗುಂಬೆಯಲ್ಲಿ ವರ್ಷದ ಮಳೆಯ ಬಹುಪಾಲು ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುತ್ತದೆ. ಇಲ್ಲಿ ಹಾಗಲ್ಲ, ಬೇಸಿಗೆಯಲ್ಲೂ ಮಳೆ ಪೂರ್ತಿ ಬಿಡುವು ಕೊಡುವುದಿಲ್ಲ, ತಂಪೂ ತೇವವೂ ಸದಾ ಇರುತ್ತವೆ. ಕಾಡ್ಗಿಚ್ಚು ಅಪರೂಪವಾದ್ದರಿಂದ ಸೀಡರ್ ಮರಗಳು ಸಾವಿರ ವರ್ಷಕ್ಕೂ ಮೀರಿ ಬದುಕುತ್ತವೆ. ಮರ ಕಡಿಯುವ ಕಂಪನಿಗಳು, ಪರಿಸರ ಸಂಘಟನೆಗಳು, ಮೂಲನಿವಾಸಿ ಸಮುದಾಯಗಳು ಮತ್ತು ಸರ್ಕಾರದ ನಡುವೆ ವರ್ಷಗಟ್ಟಲೆ ನಡೆದ ಜಗ್ಗಾಟದ ನಂತರ 2016ರಲ್ಲಿ ಆದ ಒಪ್ಪಂದದಂತೆ ಅಲ್ಲಿನ ಅರಣ್ಯದ ಶೇಕಡಾ 85ರಷ್ಟು ಭಾಗದಲ್ಲಿ ವಾಣಿಜ್ಯ ಉದ್ದೇಶಕ್ಕೆ ಮರ ಕಡಿಯುವಂತಿಲ್ಲ.

ಅಲಾಸ್ಕಾಕ್ಕೆ ಹೋಗುವ ದೊಡ್ಡ ಹಡಗುಗಳು ಇದೇ ತೀರದ ಪಕ್ಕದಲ್ಲಿ ಹಾದುಹೋಗುತ್ತವೆ, ಆದರೆ ಹಾದುಹೋಗುತ್ತವೆ ಅಷ್ಟೆ. ಎರಡು-ಮೂರು ಸಾವಿರ ಪ್ರಯಾಣಿಕರನ್ನು ಹೊತ್ತ ಹಡಗಿಗೆ ನಿಗದಿಯಾದ ಬಂದರನ್ನು ನಿಗದಿಯಾದ ಗಂಟೆಗೆ ತಲುಪಲೇಬೇಕಾದ ಒತ್ತಡ ಇರುತ್ತದೆ. ಅದು ಇಕ್ಕಟ್ಟಾದ ಕಣಿವೆಯಂತಹ ಫಿಯೋರ್ಡ್‌ಗಳ ತುದಿಯವರೆಗೆ ನುಗ್ಗಲಾರದು, ದಡದಲ್ಲಿ ಕರಡಿ ಕಂಡಿತೆಂದು ನಿಲ್ಲಲಾರದು. ಸಣ್ಣ ಹಡಗಿನಲ್ಲಿ ಎಂಟರಿಂದ ಇಪ್ಪತ್ತನಾಲ್ಕು ಜನ ಇರುತ್ತಾರೆ. ರಾತ್ರಿ ಯಾವುದಾದರೂ ಮರೆಯಾದ ಕೊಲ್ಲಿಯಲ್ಲಿ ಲಂಗರು ಹಾಕುತ್ತಾರೆ. ಬೆಳಗ್ಗೆ ರಬ್ಬರ್ ದೋಣಿಯನ್ನು ನೀರಿಗಿಳಿಸಿ, ನದಿ ಸಮುದ್ರವನ್ನು ಸೇರುವ ಅಳಿವೆಯೊಳಕ್ಕೆ ಹೋಗಿ ಇಂಜಿನ್ ಆರಿಸಿ ಕಾಯುತ್ತಾರೆ. ನೀವು ಕೊಡುವ ಹಣ ಹೆಚ್ಚಾಗಿ ಸಲ್ಲುವುದು ಈ ಕಾಯುವಿಕೆಗೆ, ಮತ್ತು ಎಲ್ಲಿ ಕಾಯಬೇಕೆಂದು ಬಲ್ಲ ಮಾರ್ಗದರ್ಶಿಗೆ. ಕೋಣೆ ಚಿಕ್ಕದು, ಸ್ನಾನದ ಮನೆ ಇನ್ನೂ ಚಿಕ್ಕದು. ಈಜುಕೊಳ, ನಾಟಕ, ಸಂಗೀತ ಯಾವುದೂ ಇರುವುದಿಲ್ಲ. ಅದೆಲ್ಲ ಬೇಕೆನ್ನುವವರನ್ನು ದೊಡ್ಡ ಹಡಗಿಗೇ ಕಳಿಸುವುದು ಒಳ್ಳೆಯದು.

ಅಲ್ಲಿ ದಿನಚರಿಯನ್ನು ನಡೆಸುವುದು ಗಡಿಯಾರಕ್ಕಿಂತ ಹೆಚ್ಚಾಗಿ ಉಬ್ಬರವಿಳಿತ. ಮಂಗಳೂರು, ಕಾರವಾರಗಳ ಕಡೆ ಉಬ್ಬರಕ್ಕೂ ಇಳಿತಕ್ಕೂ ನಡುವಿನ ಅಂತರ ಎರಡು ಮೀಟರಿನ ಆಸುಪಾಸಿನಲ್ಲಿದ್ದರೆ, ಪ್ರಿನ್ಸ್ ರೂಪರ್ಟ್‌ನ ಸುತ್ತಮುತ್ತ ಅದು ಏಳು ಮೀಟರ್‌ವರೆಗೂ ಹೋಗುತ್ತದೆ. ಬೆಳಗ್ಗೆ ದೋಣಿ ತೇಲಿದ ಜಾಗದಲ್ಲಿ ಮಧ್ಯಾಹ್ನ ಕಲ್ಲು, ಕೆಸರು, ಕಡಲಪಾಚಿ ಬಯಲಾಗಿ ಬಿದ್ದಿರುತ್ತವೆ. ಅಂಥ ಒಂದು ಇಳಿತದ ಹೊತ್ತಿನಲ್ಲಿ ಗ್ರಿಜ್ಲಿ ಎಂಬ ದೊಡ್ಡ ಕಂದು ಕರಡಿಯೊಂದು ದಡದುದ್ದಕ್ಕೂ ನಡೆಯುತ್ತ ಬುಟ್ಟಿಯ ಗಾತ್ರದ ಕಲ್ಲುಗಳನ್ನು ಒಂದೇ ಮುಂಗೈಯಿಂದ ಮಗುಚಿ, ಕೆಳಗಿದ್ದ ಏಡಿಗಳನ್ನು ನಾಲಿಗೆಯಿಂದ ಎತ್ತಿಕೊಳ್ಳುವುದನ್ನು ನಾವು ದೋಣಿಯಲ್ಲಿ ಕುಳಿತು ನೋಡಿದೆವು. ಆಮೇಲೆ ಅದು ಬಂಡೆಗೆ ಅಂಟಿದ್ದ ಚಿಪ್ಪುಗಳನ್ನು ಹಲ್ಲಿನಿಂದ ಕೆರೆದು ಅಗಿಯತೊಡಗಿತು. ಇಂಜಿನ್ ಆರಿದ್ದುದರಿಂದ ಚಿಪ್ಪು ಪುಡಿಯಾಗುವ ಸದ್ದು ನೀರಿನ ಮೇಲಿಂದ ಸ್ಪಷ್ಟವಾಗಿ ಕೇಳುತ್ತಿತ್ತು. ನಮ್ಮ ಕಡೆಗೆ ಒಮ್ಮೆ ತಲೆಯೆತ್ತಿ ನೋಡಿದ ಕರಡಿ ಪುನಃ ಕಲ್ಲಿನತ್ತ ತಿರುಗಿತು. ಮನುಷ್ಯರು ದೋಣಿಯಿಂದ ಕೆಳಗಿಳಿಯದೆ, ಏನನ್ನೂ ಎಸೆಯದೆ, ಪ್ರತಿ ವರ್ಷವೂ ಒಂದೇ ರೀತಿ ನಡೆದುಕೊಂಡಿರುವುದರಿಂದಲೇ ಅದಕ್ಕೆ ನಮ್ಮ ಬಗ್ಗೆ ಭಯವೂ ಇಲ್ಲ, ಆಸೆಯೂ ಇಲ್ಲ. ನಮ್ಮ ದರೋಜಿ ಕರಡಿಧಾಮ ಘೋಷಣೆಯಾದ 1994ರಲ್ಲೇ, ಪ್ರಿನ್ಸ್ ರೂಪರ್ಟ್‌ನ ಉತ್ತರದ ಕುಟ್ಸಮಟೀನ್ ಕಣಿವೆಯೂ ಗ್ರಿಜ್ಲಿ ಧಾಮವಾಯಿತು. ದರೋಜಿಯಲ್ಲಿ ಬಂಡೆಗೆ ಸಿಹಿ ಬಳಿದು ಕರಡಿಯನ್ನು ವೀಕ್ಷಣಾ ಗೋಪುರದ ಮುಂದಕ್ಕೆ ಬರಮಾಡಿಕೊಳ್ಳುವುದನ್ನು ನೀವು ನೋಡಿರಬಹುದು. ಕುಟ್ಸಮಟೀನ್‌ನಲ್ಲಿ ಅಂಥ ಯಾವ ಏರ್ಪಾಡೂ ಇಲ್ಲದ್ದರಿಂದ ಕರಡಿ ತನ್ನ ಆಹಾರ ಎಲ್ಲಿದೆಯೋ ಅಲ್ಲಿರುತ್ತದೆ, ನೋಡುವವರು ಅಲ್ಲಿಗೇ ಹೋಗಬೇಕು.

ಈಗ ತಿಂಗಳಿನ ವಿಚಾರ. ಮೇ-ಜೂನ್ ತಿಂಗಳುಗಳಲ್ಲಿ ಚಳಿಗಾಲದ ನಿದ್ದೆಯಿಂದೆದ್ದ ಗ್ರಿಜ್ಲಿಗಳು ಅಳಿವೆಯ ಬಯಲುಗಳಲ್ಲಿ ಚಿಗುರುವ ಜೇಕಿನ ಜಾತಿಯ ಹುಲ್ಲನ್ನು ಹಸುಗಳಂತೆ ಮೇಯುತ್ತವೆ. ಮರಿಗಳೊಂದಿಗಿರುವ ತಾಯಂದಿರನ್ನು ನೋಡಲು, ಕುಟ್ಸಮಟೀನ್‌ಗೆ ಹೋಗಲು ಅದೇ ಒಳ್ಳೆಯ ಕಾಲ. ಜುಲೈ ಮತ್ತು ಆಗಸ್ಟ್ ಆರಂಭದಲ್ಲಿ ಹವಾಮಾನ ಹಿತವಾಗಿರುತ್ತದೆ, ತಿಮಿಂಗಿಲಗಳು ಚೆನ್ನಾಗಿ ಸಿಗುತ್ತವೆ, ಆದರೆ ಕರಡಿಗಳು ಹಣ್ಣು ಹುಡುಕುತ್ತ ಕಾಡಿನೊಳಗೆ ಚದುರಿರುತ್ತವೆ. ಆಗಸ್ಟ್ ಕೊನೆಯಿಂದ ಅಕ್ಟೋಬರ್ ಆರಂಭದವರೆಗೆ ಸಾಲ್ಮನ್ ಮೀನುಗಳು ಸಮುದ್ರದಿಂದ ತಾವು ಹುಟ್ಟಿದ ಹೊಳೆಗಳಿಗೆ ಮೊಟ್ಟೆಯಿಡಲು ಮರಳುತ್ತವೆ, ಮತ್ತು ಇಡೀ ಕಾಡು ಹೊಳೆಯ ದಡಕ್ಕೆ ಇಳಿದು ಬರುತ್ತದೆ.

ಪೆಸಿಫಿಕ್ ಸಾಲ್ಮನ್‌ಗಳು ಒಮ್ಮೆ ಮೊಟ್ಟೆಯಿಟ್ಟ ಮೇಲೆ ಸಾಯುತ್ತವೆ. ಮೀನು ಹೇರಳವಾಗಿರುವಾಗ ಕರಡಿಗಳು ಅತ್ಯಂತ ಕೊಬ್ಬಿರುವ ಮಿದುಳನ್ನೂ ಮೊಟ್ಟೆಯ ಗೊಂಚಲನ್ನೂ ತಿಂದು ಉಳಿದುದನ್ನು ಬಿಟ್ಟುಬಿಡುತ್ತವೆ. ಇತರ ಕರಡಿಗಳ ಕಾಟ ತಪ್ಪಿಸಿಕೊಳ್ಳಲು ಮೀನನ್ನು ಮರಗಳ ನಡುವೆ ಹೊತ್ತೊಯ್ದು ತಿನ್ನುತ್ತವೆ. ಒಂದು ಕರಡಿ ಒಂದು ಋತುವಿನಲ್ಲಿ ಹೀಗೆ ನೂರಾರು ಮೀನುಗಳನ್ನು ಕಾಡಿಗೆ ಸಾಗಿಸುತ್ತದೆ. ಆ ಅವಶೇಷಗಳನ್ನು ತೋಳ, ಹದ್ದು, ಕಾಗೆ, ಹುಳು ಹಂಚಿಕೊಂಡ ಮೇಲೆ ಉಳಿದದ್ದು ಮಣ್ಣಿಗೆ ಗೊಬ್ಬರವಾಗುತ್ತದೆ. ವಿಕ್ಟೋರಿಯಾ ವಿಶ್ವವಿದ್ಯಾಲಯದ ಜೀವವಿಜ್ಞಾನಿ ಟಾಮ್ ರೈಮ್‌ಕೆನ್ ಮತ್ತು ಅವರ ಸಂಗಡಿಗರು ಹೊಳೆಯ ಪಕ್ಕದ ಮರಗಳ ಕಾಂಡದ ಉಂಗುರಗಳಲ್ಲಿ ಸಮುದ್ರದಿಂದ ಬಂದ ಸಾರಜನಕವನ್ನು ಗುರುತಿಸಿ ತೋರಿಸಿದ್ದಾರೆ. ಆ ಹೊಳೆಗಳ ದಡದಲ್ಲಿ ನಡೆಯುವಾಗ ಕೊಳೆತ ಮೀನಿನ ವಾಸನೆ ಮೂಗಿಗೆ ಗಟ್ಟಿಯಾಗಿ ಹೊಡೆಯುತ್ತದೆ. ನಿಮ್ಮ ತಾಯಿಯವರಿಗೆ ಅದನ್ನು ಮೊದಲೇ ತಿಳಿಸಿಡಿ, ಏಕೆಂದರೆ ಮೀನಿನ ವಾಸನೆ ಅಭ್ಯಾಸವಿಲ್ಲದ ನನ್ನ ಅತ್ತೆಯವರಿಗೆ ಮೊದಲ ದಿನ ಸೆರಗು ಮೂಗಿನಿಂದ ತೆಗೆಯಲಾಗಲಿಲ್ಲ.

ಬಿಳಿ ಕರಡಿ ಖಂಡಿತವಾಗಿ ಕಾಣಿಸುತ್ತದೆ ಎಂದು ಯಾರಾದರೂ ಮಾತು ಕೊಟ್ಟರೆ ಆ ಕಂಪನಿಯನ್ನು ಬಿಟ್ಟುಬಿಡಿ. ಅದು ಹಿಮಕರಡಿಯಲ್ಲ, ಬೇರೆ ಪ್ರಭೇದವೂ ಅಲ್ಲ. ಅಮೆರಿಕದ ಕಪ್ಪು ಕರಡಿಯೇ. ಒಂದು ಸುಪ್ತ ವಂಶವಾಹಿ ತಂದೆ-ತಾಯಿ ಇಬ್ಬರಿಂದಲೂ ಬಂದಾಗ ಮರಿ ಕೆನೆಬಣ್ಣದ್ದಾಗುತ್ತದೆ, ಆದ್ದರಿಂದ ಎರಡು ಕಪ್ಪು ಕರಡಿಗಳಿಗೂ ಬಿಳಿ ಮರಿ ಹುಟ್ಟಬಹುದು. ಪ್ರಿನ್ಸೆಸ್ ರಾಯಲ್ ಮತ್ತು ಗ್ರಿಬೆಲ್ ದ್ವೀಪಗಳಲ್ಲಿ ಇವು ಹೆಚ್ಚು. ಹಗಲಿನಲ್ಲಿ ನೀರಿನೊಳಗಿನ ಮೀನಿಗೆ ಬಿಳಿ ಮೈ ಅಷ್ಟಾಗಿ ಎದ್ದು ಕಾಣದ್ದರಿಂದ ಇವು ಕಪ್ಪು ಕರಡಿಗಳಿಗಿಂತ ಚೆನ್ನಾಗಿ ಬೇಟೆಯಾಡುತ್ತವೆ ಎಂದು ಅದೇ ರೈಮ್‌ಕೆನ್ ಅವರ ತಂಡ ಕಂಡುಕೊಂಡಿದೆ. ಸೆಪ್ಟೆಂಬರಿನಲ್ಲಿ, ಆ ಎರಡು ದ್ವೀಪಗಳಲ್ಲಿ ಇಡೀ ದಿನ ಹೊಳೆಯ ಪಕ್ಕದಲ್ಲಿ ಕೂರಲು ಸಮಯ ಕೊಡುವ ಯಾನವನ್ನು ಆರಿಸಿಕೊಂಡರೆ ಅವಕಾಶ ಹೆಚ್ಚು. ನಮಗೆ ಅದು ಸಂಜೆಯ ಹೊತ್ತಿಗೆ ಕಾಣಿಸಿತು. ನಮ್ಮ ಹಿಂದಿನ ವಾರದ ತಂಡಕ್ಕೆ ಕಾಣಿಸಿರಲಿಲ್ಲವೆಂದು ಮಾರ್ಗದರ್ಶಿ ಹೇಳಿದರು.

ತಿಮಿಂಗಿಲಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಹಂಪ್‌ಬ್ಯಾಕ್ ತಿಮಿಂಗಿಲಗಳು ಗುಂಪಾಗಿ ಮೀನಿನ ಹಿಂಡಿನ ಕೆಳಗೆ ಗುಳ್ಳೆಗಳ ಬಲೆ ಹೆಣೆದು, ಬಾಯಿ ತೆರೆದು ಒಟ್ಟಿಗೇ ಮೇಲೆ ನುಗ್ಗುವುದನ್ನು ಆ ಫಿಯೋರ್ಡ್‌ಗಳಲ್ಲಿ ನೋಡಬಹುದು. ನೀರಿನೊಳಗೆ ಮೈಕ್ ಇಳಿಸಿದರೆ ಅವುಗಳ ಕೂಗೂ ಕೇಳುತ್ತದೆ. 2018ರ ನಿಯಮದಂತೆ ತಿಮಿಂಗಿಲಗಳಿಂದ ಕನಿಷ್ಠ 100 ಮೀಟರ್, ಓರ್ಕಾ ಎಂಬ ಕಪ್ಪು-ಬಿಳುಪು ‘ಕೊಲೆಗಾರ ತಿಮಿಂಗಿಲ’ಗಳಿಂದ ಕನಿಷ್ಠ 200 ಮೀಟರ್ ದೂರ ಇರಬೇಕಾದ್ದರಿಂದ ಇನ್ನೂ ಹತ್ತಿರ ಹೋಗೋಣವೆಂದು ಯಾರೂ ಒತ್ತಾಯಿಸಬಾರದು. ಮೊಬೈಲ್ ಚಿತ್ರಕ್ಕಿಂತ ಒಂದು ಒಳ್ಳೆಯ ಬೈನಾಕ್ಯುಲರ್ ಅಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಕಂಪನಿಯನ್ನು ಆರಿಸುವಾಗ ನಾನು ಎಲ್ಲಕ್ಕಿಂತ ಮುಖ್ಯವೆಂದು ಭಾವಿಸುವ ಪ್ರಶ್ನೆ ಒಂದಿದೆ: ಅಲ್ಲಿನ ಮೂಲನಿವಾಸಿ ಸಮುದಾಯದ ಒಪ್ಪಿಗೆಯೊಂದಿಗೆ ನೀವು ನಡೆಸುತ್ತಿದ್ದೀರಾ? ಇದು ನಿರ್ಜನ ಕಾಡಲ್ಲ. ಬೆಲ್ಲಾ ಬೆಲ್ಲಾದ ಹೈಲ್ಟ್ಸುಕ್, ಕ್ಲೆಮ್ಟುವಿನ ಕಿಟಾಸೂ ಹೈಹೈಸ್, ಹಾರ್ಟ್ಲಿ ಬೇಯ ಗಿಟ್ಗಾಟ್ ಜನರು ಸಾವಿರಾರು ವರ್ಷಗಳಿಂದ ಬಾಳಿಕೊಂಡು ಬಂದಿರುವ ನೆಲ. 2006ರ ಮಾರ್ಚ್‌ನಲ್ಲಿ ಕ್ವೀನ್ ಆಫ್ ದ ನಾರ್ತ್ ಎಂಬ ಪ್ರಯಾಣಿಕರ ಹಡಗು ಗಿಲ್ ದ್ವೀಪಕ್ಕೆ ಬಡಿದು ಮುಳುಗಿದಾಗ ನಡುರಾತ್ರಿಯಲ್ಲಿ ತಮ್ಮ ದೋಣಿಗಳನ್ನು ತೆಗೆದುಕೊಂಡು ಹೋಗಿ ಜನರನ್ನು ಕರೆತಂದವರು ಹಾರ್ಟ್ಲಿ ಬೇಯ ಹಳ್ಳಿಯವರು. ಬ್ರಿಟಿಷ್ ಕೊಲಂಬಿಯಾ ಸರ್ಕಾರ ಗ್ರಿಜ್ಲಿ ಬೇಟೆಯನ್ನು 2017ರಲ್ಲಿ ನಿಲ್ಲಿಸಿತು. ಅದಕ್ಕೂ ಮೊದಲೇ, 2012ರಲ್ಲಿ, ಈ ಕರಾವಳಿಯ ಸಮುದಾಯಗಳು ತಮ್ಮ ನೆಲದಲ್ಲಿ ಮೋಜಿಗಾಗಿ ಕರಡಿ ಬೇಟೆಯಾಡುವುದನ್ನು ನಿಷೇಧಿಸಿದ್ದವು. ಒಳ್ಳೆಯ ಹಡಗು ಕಂಪನಿಗಳೂ ಈ ತೀರವನ್ನು ತಮ್ಮದೆಂದು ನೋಡಿಕೊಂಡಿವೆ: 2020ರಲ್ಲಿ ಕೋವಿಡ್‌ನಿಂದ ಪ್ರವಾಸಗಳು ನಿಂತಾಗ ಒಂಬತ್ತು ಸಣ್ಣ ಹಡಗುಗಳ ಸಿಬ್ಬಂದಿ, ಮೂಲನಿವಾಸಿಗಳ ಜೊತೆಗೂಡಿ, ಹೊರ ದ್ವೀಪಗಳಿಂದ ಸುಮಾರು 127 ಟನ್ ಕಸವನ್ನು ಎತ್ತಿ ಸಾಗಿಸಿದರು.

ಹಿರಿಯರ ಬಗ್ಗೆ ಹೇಳುವುದಾದರೆ, ದ್ವೀಪಗಳ ಮರೆಯಲ್ಲೇ ಸಾಗುವುದರಿಂದ ಹೆಚ್ಚಿನ ಹೊತ್ತು ನೀರು ಶಾಂತವಾಗಿರುತ್ತದೆ. ತೆರೆದ ಸಮುದ್ರವಾದ ಕ್ವೀನ್ ಷಾರ್ಲಟ್ ಸೌಂಡ್ ದಾಟುವಾಗ ಮಾತ್ರ ಹಡಗು ತೂಗುತ್ತದೆ. ಬೆಲ್ಲಾ ಬೆಲ್ಲಾಗೆ ವಿಮಾನದಲ್ಲಿ ಹೋಗಿ ಅಲ್ಲಿಂದ ಹತ್ತುವ ಅಥವಾ ಕಿಟಿಮಾಟ್‌ನಿಂದ ಹೊರಡುವ ಯಾನವನ್ನು ಹಿಡಿದರೆ ಅದೂ ತಪ್ಪುತ್ತದೆ. ನಿಜವಾದ ಪರೀಕ್ಷೆ ರಬ್ಬರ್ ದೋಣಿಗೆ ಹತ್ತಿ ಇಳಿಯುವುದು. ಮಂಡಿ ನೋವಿದ್ದರೆ ಹಡಗಿನ ಹಿಂಭಾಗದಲ್ಲಿ ಮೆಟ್ಟಿಲಿದೆಯೇ, ಏಣಿಯೇ ಎಂದು ಮೊದಲೇ ವಿಚಾರಿಸಿ. ದಾರಿಯಲ್ಲಿ ಅಂಗಡಿಗಳಿಲ್ಲದ ಕಾರಣ ದಿನಸಿಯನ್ನೆಲ್ಲ ಹೊರಡುವ ಮುನ್ನವೇ ತುಂಬಿಸಿಕೊಳ್ಳುತ್ತಾರೆ. ಮೀನು, ಮೊಟ್ಟೆ ಎರಡನ್ನೂ ತಿನ್ನುವುದಿಲ್ಲವೆಂದು ಕಾಯ್ದಿರಿಸುವಾಗಲೇ ಬರೆದು ತಿಳಿಸಿದರೆ ಅಡುಗೆಯವರು ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ. ನಾವು ಚಟ್ನಿಪುಡಿ ಮತ್ತು ಉಪ್ಪಿನಕಾಯಿಯನ್ನು ಒಯ್ದಿದ್ದೆವು, ಆದರೆ ಅವುಗಳ ಡಬ್ಬಿಗಳನ್ನು ಹಡಗಿನಿಂದ ದಡಕ್ಕೆ ಎಂದೂ ಇಳಿಸಲಿಲ್ಲ. ಕರಡಿಗಳ ನೆಲಕ್ಕೆ ಆಹಾರದ ವಾಸನೆಯನ್ನು ಒಯ್ಯುವುದು ತಪ್ಪು.

ವೀಸಾದ ವಿಚಾರದಲ್ಲಿ ಒಂದು ಅನುಕೂಲವಿದೆ. ವ್ಯಾಂಕೂವರ್‌ನಿಂದ ಅಲಾಸ್ಕಾಕ್ಕೆ ಹೋಗುವ ದೊಡ್ಡ ಹಡಗಿಗೆ ನಮ್ಮ ಪಾಸ್‌ಪೋರ್ಟ್‌ನವರಿಗೆ ಕೆನಡಾದ ಜೊತೆಗೆ ಅಮೆರಿಕದ ವೀಸಾವೂ ಬೇಕು. ಬ್ರಿಟಿಷ್ ಕೊಲಂಬಿಯಾದೊಳಗೇ ಮುಗಿಯುವ ಸಣ್ಣ ಹಡಗಿನ ಯಾನಕ್ಕೆ ಕೆನಡಾ ವೀಸಾ ಒಂದೇ ಸಾಕು. ಕೆಲವು ಯಾನಗಳು ಅಲಾಸ್ಕಾದ ಬಂದರಿನಲ್ಲಿ ಕೊನೆಗೊಳ್ಳುವುದರಿಂದ ಎಲ್ಲಿ ಇಳಿಸುತ್ತಾರೆಂದು ನೋಡಿಕೊಂಡೇ ಹಣ ಕಟ್ಟಿ. ಸೆಪ್ಟೆಂಬರಿನ ಯಾನಗಳು ಬಹಳ ಮುಂಚೆಯೇ ತುಂಬಿಹೋಗುತ್ತವೆ, ಆದ್ದರಿಂದ ತಂಗಿಯ ಬಿಡುವಿಗಿಂತ ಮೊದಲು ಹಡಗಿನ ದಿನಾಂಕವನ್ನು ಗೊತ್ತುಮಾಡಿಕೊಂಡು, ಮಳೆಯಂಗಿ, ರಬ್ಬರ್ ಬೂಟು ಹಡಗಿನವರೇ ಕೊಡುತ್ತಾರೆಯೇ ಎಂದು ಅದೇ ಪತ್ರದಲ್ಲಿ ಕೇಳಿಬಿಡಿ.