ಬೂತಾಯಿಯಲ್ಲಿ ಎಣ್ಣೆಯೇ ಇಲ್ಲ, ಅಂಗಡಿಯವರು ಮೋಸ ಮಾಡಿದರಾ?

ಪ್ರಶ್ನೆ: ನಮ್ಮೂರು ಉಡುಪಿ, ಈಗ ಬೆಂಗಳೂರಿನಲ್ಲಿದ್ದೇವೆ. ನವೆಂಬರಿನಲ್ಲಿ ತಂದ ಬೂತಾಯಿ ಮೀನು ಕಾವಲಿಗೆ ಹಾಕಿದ ಕೂಡಲೇ ಎಣ್ಣೆ ಬಿಡುತ್ತಿತ್ತು. ಈ ಆಗಸ್ಟಿನಲ್ಲಿ ತಂದದ್ದು ಒಣಒಣ. ಬೇರೆ ಮೀನು ಕೊಟ್ಟರಾ? ಕೆಲವು ವರ್ಷ ಬೂತಾಯಿ ಸಿಗುವುದೇ ಕಷ್ಟ, ಯಾಕೆ?

ಉತ್ತರ: ಅಂಗಡಿಯವರನ್ನು ಬೈಯುವ ಮೊದಲು ತಿಂಗಳು ನೋಡಿ. ಬೂತಾಯಿ ಮೊಟ್ಟೆ ಇಡುವುದು ಹೆಚ್ಚಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಆಗ ಮೈಯಲ್ಲಿದ್ದ ಕೊಬ್ಬು ಮೊಟ್ಟೆಗೆ ಖರ್ಚಾಗಿರುತ್ತದೆ. ಅದೇ ಮಳೆಗಾಲದಲ್ಲಿ ಕಡಲಿನ ಆಳದ ತಣ್ಣನೆ ನೀರು ಮೇಲೆ ಬಂದು, ಪ್ಲಾಂಕ್ಟನ್ (ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳು) ಹುಲುಸಾಗಿ ಬೆಳೆಯುತ್ತದೆ. ಅದನ್ನು ತಿಂದ ಮೀನು ಮಳೆ ಮುಗಿಯುವಾಗ ಮತ್ತೆ ಕೊಬ್ಬುತ್ತದೆ. ಆಗಸ್ಟಿನದ್ದನ್ನು ಹುರಿಯಬೇಡಿ, ಹುಳಿ-ಖಾರದ ಪುಳಿಮುಂಚಿ ಸಾರು ಮಾಡಿ.

ಹಾಗಂತ ಅದಲುಬದಲು ಆಗುವುದೇ ಇಲ್ಲ ಅಂತಲ್ಲ. ಬೂತಾಯಿ ಸಾರ್ಡಿನೆಲ್ಲಾ ಕುಲದ ಮೀನು, ಜಾತಿ ಸಾರ್ಡಿನೆಲ್ಲಾ ಲಾಂಜಿಸೆಪ್ಸ್. ಅದೇ ಕುಲದ ಚಪ್ಪಟೆ ಮೈಯ ಜಾತಿಗಳೂ ನಮ್ಮ ಕರಾವಳಿಯಲ್ಲಿ ಬಲೆಗೆ ಬೀಳುತ್ತವೆ, ಎಣ್ಣೆ ಕಮ್ಮಿ. ಹೊಟ್ಟೆಯಡಿ ಬೆರಳಾಡಿಸಿದರೆ ಗರಗಸದ ಹಾಗೆ ತರಚುತ್ತದಲ್ವಾ? ಅದನ್ನು ಬೂತಾಯಿಯ ಗುರುತು ಅಂತ ನಂಬಬೇಡಿ, ಇಡೀ ಕುಲಕ್ಕೇ ಆ ಹುರುಪೆ ಇದೆ. ಬೂತಾಯಿಯ ಮೈ ದುಂಡಗೆ, ತಲೆ ಉದ್ದ. ಕಿವಿರಿನ ಮುಚ್ಚಳದ ಹಿಂದಿನ ಅಂಚಿನಲ್ಲಿ ಒಂದು ಕಪ್ಪು ಚುಕ್ಕೆ. ಇನ್ನೂ ಅನುಮಾನವಿದ್ದರೆ ಹೊಟ್ಟೆ ಕೆಳಗಿನ ಜೋಡಿ ರೆಕ್ಕೆಯಲ್ಲಿ ಒಂದನ್ನು ಬಿಡಿಸಿ ಕಡ್ಡಿ ಎಣಿಸಿ. ಬೂತಾಯಿಗೆ 9, ಆ ಚಪ್ಪಟೆ ಜಾತಿಗಳಿಗೆ 8. ಅಂಗಡಿಯಲ್ಲೇ ನಿಂತು ಎಣಿಸಿದರೆ ಬೈಸಿಕೊಳ್ಳುತ್ತೀರಿ, ಮನೆಗೆ ತಂದು ನೋಡಿ!

ಇನ್ನು ಬೂತಾಯಿ ಬರಗಾಲದ ವಿಷಯ. ಬೂತಾಯಿಯ ಆಯುಸ್ಸು ಎರಡು-ಮೂರು ವರ್ಷ ಅಷ್ಟೇ. ಒಂದು ವರ್ಷ ಮರಿಗಳು ಉಳಿಯದಿದ್ದರೆ ಮರುವರ್ಷವೇ ಬಲೆ ಖಾಲಿ. ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಸಿಕ್ಕಿತ್ತು, 2021ರಲ್ಲಿ ಬರೀ 3,297 ಟನ್. ಎಲ್ಲದಕ್ಕೂ ಪರ್ಸೀನ್ ಬೋಟನ್ನೇ (ದೊಡ್ಡ ಬಲೆಯಿಂದ ಮೀನಿನ ಹಿಂಡನ್ನೇ ಸುತ್ತುವರಿದು ಹಿಡಿಯುವ ದೋಣಿ) ದೂರುವವರು ಜಾಸ್ತಿ. ಆದರೆ ಆ ಬೋಟುಗಳು ಬರುವ ಎಷ್ಟೋ ಮೊದಲು, 1940ರ ದಶಕದಲ್ಲೂ ಈ ಮೀನು ಹೀಗೇ ಕುಸಿದಿತ್ತು. ಎಲ್ ನಿನೋದಂಥ ಏರುಪೇರಿನಲ್ಲಿ ಕಡಲು ಬಿಸಿಯಾದರೆ ಮರಿಗಳಿಗೆ ತಿನ್ನಲು ಸಿಗುವುದಿಲ್ಲ. ಅಂಥ ಹೊತ್ತಿನಲ್ಲಿ ಬೆರಳುದ್ದದ ಮರಿಗಳನ್ನೂ ಬಾಚಿ ಫಿಶ್‌ಮೀಲ್ (ಮೀನಿನ ಪುಡಿ) ಕಾರ್ಖಾನೆಗೆ ಸಾಗಿಸುವುದು ನನಗಂತೂ ಸರಿ ಕಾಣುವುದಿಲ್ಲ. ಕೇರಳದಲ್ಲಿ 10 ಸೆಂಟಿಮೀಟರಿಗಿಂತ ಚಿಕ್ಕದನ್ನು ಹಿಡಿಯುವಂತಿಲ್ಲ. ನೀವೂ ಅದಕ್ಕಿಂತ ಚಿಕ್ಕದು ಕಂಡರೆ ಕೊಳ್ಳಬೇಡಿ.