ನೆಗಡಿಗೆ ತೆಗೆದುಕೊಂಡ ಹಬೆಯಿಂದ ಫಿಟ್ಸ್ ಬರುತ್ತದೆಯೇ?

ಪ್ರಶ್ನೆ: ಡಾಕ್ಟ್ರೇ, ನಮ್ಮ ಯಜಮಾನರಿಗೆ 34 ವರ್ಷ. ಫಿಟ್ಸ್‌ಗೆ ಮಾತ್ರೆ ತಪ್ಪದೆ ನುಂಗುತ್ತಾರೆ, ಎರಡು ವರ್ಷದಿಂದ ಏನೂ ಆಗಿರಲಿಲ್ಲ. ಹೋದ ತಿಂಗಳು ನೆಗಡಿಯೆಂದು ಬಿಸಿನೀರಿಗೆ ನೀಲಗಿರಿ ಎಣ್ಣೆ ಹಾಕಿ, ಕಂಬಳಿ ಹೊದ್ದು ಹಬೆ ತೆಗೆದುಕೊಂಡರು. ಎದ್ದು ಐದು ನಿಮಿಷವಾಗಿಲ್ಲ, ಅಲ್ಲೇ ಬಿದ್ದರು. ಅತ್ತೆ ದೃಷ್ಟಿ ತಾಗಿದೆ ಅಂತಾರೆ. ಎಣ್ಣೆಯಿಂದ ಹೀಗಾಗುತ್ತದೆಯೇ?
– ಹೆಸರು ಬೇಡ, ತಿಪಟೂರು

ಉತ್ತರ: ಆಗಬಹುದು ತಾಯಿ. ಇಷ್ಟು ವರ್ಷ ನಾನೂ ನಿದ್ದೆಗೆಟ್ಟಿದ್ದಿರಾ, ಮಾತ್ರೆ ಬಿಟ್ಟಿದ್ದಿರಾ, ಕುಡಿದಿದ್ದಿರಾ ಎಂದಷ್ಟೇ ಕೇಳುತ್ತಿದ್ದೆ. ಏನು ಹಚ್ಚಿಕೊಂಡಿದ್ದಿರಿ ಎಂದು ಕೇಳುವ ಬುದ್ಧಿ ಬಂದದ್ದು ಬೆಂಗಳೂರಿನ ಸೇಂಟ್ ಜಾನ್ಸ್‌ನ ನರರೋಗ ತಜ್ಞ ಡಾ. ಥಾಮಸ್ ಮ್ಯಾಥ್ಯೂ ಮತ್ತು ಸಂಗಡಿಗರ ಅಧ್ಯಯನ ಓದಿದ ಮೇಲೆ. ದಕ್ಷಿಣ ಭಾರತದ 4 ಆಸ್ಪತ್ರೆಗಳಲ್ಲಿ 4 ವರ್ಷ ಅವರು ಇದನ್ನೇ ಕೇಳುತ್ತ ಹೋದರು. 350 ರೋಗಿಗಳಲ್ಲಿ 55 ಮಂದಿಯ ಫಿಟ್ಸ್‌ಗೆ ಇಂಥ ಎಣ್ಣೆಗಳ ನಂಟು ಕಂಡಿತು. ಅವರಲ್ಲಿ 33 ಮಂದಿ ನಿಮ್ಮವರಂತೆ ಮೊದಲೇ ಕಾಯಿಲೆ ಇದ್ದವರು. 2021ರಲ್ಲಿ ಅದು ಪ್ರಕಟವಾಯಿತು.

ಮುಖ್ಯ ಅಪರಾಧಿಗಳು ಎರಡು: ನೀಲಗಿರಿ ಎಣ್ಣೆಯಲ್ಲಿರುವ ಸಿನಿಯೋಲ್, ಮತ್ತು ಕರ್ಪೂರ. ಕರ್ಪೂರದ ಈ ಗುಣ ಹಳೆಯದೇ. 1934ರಲ್ಲಿ ಬುಡಾಪೆಸ್ಟ್‌ನ ಮೆಡುನಾ ಎಂಬ ವೈದ್ಯ ಮಾನಸಿಕ ರೋಗಿಗಳಿಗೆ ಬೇಕೆಂದೇ ಫಿಟ್ಸ್ ಬರಿಸಲು ಚುಚ್ಚಿದ್ದು ಇದನ್ನೇ!

ನಿಮ್ಮವರ ವಿಷಯದಲ್ಲಿ ಎಣ್ಣೆಯೇ ಕಾರಣವೆಂದು ನಾನು ಆಣೆ ಹಾಕಲಾರೆ. ಜ್ವರ ಇತ್ತೇ, ರಾತ್ರಿ ನಿದ್ದೆ ಬಂತೇ ಎಂದು ನೀವು ಬರೆದಿಲ್ಲ, ಅವೂ ಸಾಕು. ಆದರೂ ಹಬೆಗೆ ಇನ್ನು ಬರೀ ನೀರು. ಮನೆಯಲ್ಲಿರುವ ಬಾಮಿನ ಡಬ್ಬಿ ತಿರುವಿ ನೋಡಿ. ಕರ್ಪೂರ, ನೀಲಗಿರಿ ಎರಡೂ ಇರುವ ಸಾಧ್ಯತೆ ಹೆಚ್ಚು. ಅದನ್ನು ಅವರ ಹಣೆಗೆ ತಿಕ್ಕಬೇಡಿ. ಮಾತ್ರೆ ಮಾತ್ರ ನಿಲ್ಲಿಸಬಾರದು. ಬಿದ್ದದ್ದನ್ನೂ ಹಬೆಯ ಕಥೆಯನ್ನೂ ಅವರ ಡಾಕ್ಟರಿಗೆ ತಿಳಿಸಿ, ಡೋಸ್ ಏರಿಸುವ ಮುನ್ನ ಅವರಿಗೆ ಅದು ಗೊತ್ತಿರಲಿ.

ಮಂಗಳಾರತಿ ನಿಲ್ಲಿಸಿ ಅತ್ತೆಯವರ ಮುನಿಸು ಕಟ್ಟಿಕೊಳ್ಳಬೇಡಿ. ಆದರೆ ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಕರ್ಪೂರದ ಡಬ್ಬಿ ಮೇಲಿನ ಗೂಡಿಗೆ ಹೋಗಲಿ. ಕಲ್ಲುಸಕ್ಕರೆಯೆಂದು ಬಾಯಿಗೆ ಹಾಕಿಕೊಳ್ಳುತ್ತವೆ. ನುಂಗಿದರೆ ವಾಂತಿ ಮಾಡಿಸಲು ಹೋಗದೆ, ಡಬ್ಬಿಯನ್ನೂ ಹಿಡಿದುಕೊಂಡು ನೇರ ಆಸ್ಪತ್ರೆಗೆ ಓಡಿ.