ಗ್ರಂಥಾಲಯದ ಕರ ಎಲ್ಲಿಗೆ ಹೋಗುತ್ತೆ?

ಪ್ರಶ್ನೆ: ನಮ್ಮದು ಸಣ್ಣ ಪಟ್ಟಣ. ಲೈಬ್ರರಿಯಲ್ಲಿ ಪೇಪರ್ ಬರೋದು ಬಿಟ್ಟರೆ ಹೊಸ ಪುಸ್ತಕವೇ ಇಲ್ಲ. ಕೇಳಿದರೆ ದುಡ್ಡಿಲ್ಲ ಅಂತಾರೆ. ಯಾರನ್ನು ಕೇಳಬೇಕು?

ಉತ್ತರ: ದುಡ್ಡು ನೀವೇ ಕೊಡ್ತಾ ಇದ್ದೀರಿ! ಮನೆ ಕಂದಾಯದ ರಸೀದಿ ತೆಗೆದು ನೋಡಿ, ಅದರಲ್ಲಿ ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಮೇಲೆ ಶೇ. 6ರಷ್ಟು ಕರ ವಸೂಲಾಗುತ್ತೆ. ವಸೂಲು ಮಾಡೋದು ಪುರಸಭೆ, ಆದರೆ ಆ ಹಣ ಪುರಸಭೆಯದಲ್ಲ, ಅದನ್ನು ಲೈಬ್ರರಿಗಳನ್ನು ನೋಡಿಕೊಳ್ಳುವ ಗ್ರಂಥಾಲಯ ಪ್ರಾಧಿಕಾರಕ್ಕೆ ಕಟ್ಟಬೇಕು. ಎಷ್ಟೋ ಕಡೆ ಸಿಕ್ಕಿಕೊಳ್ಳುವುದು ಇಲ್ಲೇ, ಜನ ಕಟ್ಟಿದ್ದು ಬಾಕಿಯ ಲೆಕ್ಕದಲ್ಲೇ ಉಳಿದುಬಿಡುತ್ತೆ. ಹಾಗಾಗಿ ಪಾಪ, ಲೈಬ್ರರಿಯನ್ ಮೇಲೆ ರೇಗಬೇಡಿ, ಅವರ ಕೈಯಲ್ಲಿ ಏನೂ ಇಲ್ಲ.

10 ರೂಪಾಯಿ ಕಟ್ಟಿ ಪುರಸಭೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ವರ್ಷವಾರು ಎಷ್ಟು ಕರ ವಸೂಲಾಯ್ತು, ಎಷ್ಟು ಕಟ್ಟಿದಿರಿ, ಬಾಕಿ ಎಷ್ಟು, ಇಷ್ಟೇ ಕೇಳಿ. 30 ದಿನದಲ್ಲಿ ಉತ್ತರ ಕೊಡಬೇಕು. ಅದನ್ನು ಹಿಡಿದು ನಿಮ್ಮ ವಾರ್ಡಿನ ಸದಸ್ಯರ ಹತ್ತಿರ ಹೋಗಿ, ಬಜೆಟ್ ಸಭೆಗೆ ಮೊದಲೇ ಹೋಗಿ. ಸುಮ್ನೆ ಮನವಿ ಕೊಟ್ಟರೆ ಫೈಲಿಗೆ ಸೇರುತ್ತೆ, ಅಂಕಿ ಇಟ್ಟು ಕೇಳಿದರೆ ಉತ್ತರ ಹೇಳಲೇಬೇಕಾಗುತ್ತೆ ಅಲ್ವಾ?